ಅಕ್ಕನ ಗಿರಾಕಿಗಳು

ನಮ್ಮಕ್ಕನಿಗೆ ಗೋಡೆಯ ಬಣ್ಣ ಹೇಳದೆ ಯಾರೂ ಲ್ಯಾಂಪ್‌ಶೇಡ್ ಮಾಡಿಸಿಕೊಳ್ಳುವಂತಿರಲಿಲ್ಲ. ಗೋಡೆಯ ಬಣ್ಣ ಯಾವುದು, ದೀಪದ ಕಂಬ ಎಷ್ಟೆತ್ತರ, ಬಲ್ಬು ಕಾಯುವಂಥದೋ ತಣ್ಣಗಿರುವಂಥದೋ, ದೀಪದ ಪಕ್ಕ ಕೂರುವವರು ಓದುತ್ತಾರೋ, ಹೆಣೆಯುತ್ತಾರೋ, ಸುಮ್ಮನೆ ಜಗಳವಾಡುತ್ತಾರೋ, ಇಷ್ಟೂ ಅವಳಿಗೆ ಗೊತ್ತಾಗಬೇಕು. "ಪೊಲೀಸ್ನೋರೂ ಇಷ್ಟು ಕೇಳಲ್ಲ ಕಣೇ" ಎಂದು ನಾನು ರೇಗಿಸುತ್ತಿದ್ದೆ. ಅವಳು ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಉತ್ತರ ಹೇಳುತ್ತಿದ್ದಳು. "ದೀಪ ಹಾಕಿದ್ಮೇಲೆ ಬಟ್ಟೆ ಬಣ್ಣ ಬಟ್ಟೇಲಿ ಉಳಿಯಲ್ಲ. ಗೋಡೆಗೆ ಹೋಗಿ ಕೂತ್ಕೊಳ್ಳುತ್ತೆ. ಗೋಡೆ ಗೊತ್ತಿಲ್ದೆ ಹೇಗೆ ಹೊಲೀಲಿ?" ಒಂದು ಸೂಜಿಯೂ ಬೀಳುತ್ತಿರಲಿಲ್ಲ.

ಅವಳ ಮನೆ, ನಮ್ಮ ಮನೆ ಎದುರುಬದುರು. ನಡುವೆ ಮೆಟ್ಟಿಲಿನ ಜಾಗ ಮಾತ್ರ. ಈಚೆ ಬಾಗಿಲಲ್ಲಿ ಅಮ್ಮ ಮತ್ತು ನಾನು, ಆಚೆ ಬಾಗಿಲಲ್ಲಿ ಅಕ್ಕ ಮತ್ತು ಭಾವ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಬಂದವರಲ್ಲಿ ಯಾರಿಗೆ ನಿಜವಾದ ಕೆಮ್ಮು, ಯಾರಿಗೆ ಬರೀ ರಜೆ ಬೇಕಾದ ಕೆಮ್ಮು ಎಂದು ಮುಖ ನೋಡಿಯೇ ಹೇಳಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಷ್ಟು ಚುರುಕು ಕಣ್ಣಿನವಳು ಎದುರು ಬಾಗಿಲಿನಲ್ಲಿ ವರ್ಷಗಟ್ಟಲೆ ನಡೆದದ್ದನ್ನು ಕಾಣಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ, ಅದಕ್ಕೆ ಹೇಳಿದೆ.

ಅಕ್ಕ ಹುಡುಗಿಯಾಗಿದ್ದಾಗಲೇ ಪರದೆ ಹೊಲಿಯುವ ಅಂಗಡಿಗೆ ಸೇರಿದ್ದಳು. ತಲೆಯಲ್ಲಿ ಬಿಳಿಕೂದಲು ಕಾಣುವವರೆಗೂ ಅಲ್ಲೇ ಇದ್ದಳು. ಜನ ರೆಡಿಮೇಡ್ ಪರದೆಗಳ ಹಿಂದೆ ಬಿದ್ದ ಮೇಲೆ ಅಂಗಡಿ ಮುಚ್ಚಿತು. ಯಜಮಾನ ಒಬ್ಬೊಬ್ಬರಿಗೂ ಒಂದೊಂದು ಗಂಟು ಚೂರುಬಟ್ಟೆ ಕೊಟ್ಟು ಮನೆಗೆ ಕಳಿಸಿದ. ಅಕ್ಕ ಆ ಗಂಟನ್ನು ಬಿಚ್ಚಲೂ ಇಲ್ಲ. ಬೆಳಗ್ಗೆ ಎದ್ದು ಕಿಟಕಿಯ ಹತ್ತಿರ ಕೂತರೆ ಕೂತಳು. ಕೇಳಿದ್ದಕ್ಕೆ ಉತ್ತರ ಕೊಡುವಳು, ಬಡಿಸಿದ್ದನ್ನು ತಿನ್ನುವಳು, ಅಷ್ಟೇ. ಭಾವ ಬಾಗಿಲಾಚೆ ಬಂದು ನನ್ನ ಹತ್ತಿರ, "ಮೆಣಸಿನಕಾಯಿ, ನೀನಾದ್ರೂ ಏನಾದ್ರೂ ಹೇಳಿ ಜಗಳ ತೆಗಿ, ಮನೇಲಿ ಸದ್ದೇ ಇಲ್ಲ" ಎನ್ನುತ್ತಿದ್ದರು. ಮೆಣಸಿನಕಾಯಿ ಅಂದರೆ ನಾನು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ಭಾವ ಇಟ್ಟ ಹೆಸರು.

ಅವರ ಮನೆಯ ಮೂಲೆ ದೀಪದ ಪ್ಲಾಸ್ಟಿಕ್ ಶೇಡು ಒಂದು ದಿನ ಕಾದು ಕಾದು ಬಿರಿಯಿತು. ಅಕ್ಕ ಅದನ್ನು ಒಡೆದು, ಒಳಗಿನ ತಂತಿಯ ಚೌಕಟ್ಟನ್ನು ಮಾತ್ರ ಇಟ್ಟುಕೊಂಡಳು. ಮೇಲೊಂದು ಬಳೆ, ಕೆಳಗೊಂದು ದೊಡ್ಡ ಬಳೆ, ನಡುವೆ ಕಡ್ಡಿಗಳು. ಆಗ ಗಂಟು ಬಿಚ್ಚಿದಳು. ಮೊದಲು ಹತ್ತಿಯ ಪಟ್ಟಿಯನ್ನು ಪ್ರತಿ ಕಡ್ಡಿಗೂ ಬಿಗಿಯಾಗಿ ಸುತ್ತಿದಳು. ಪಟ್ಟಿ ಜಾರಿದರೆ ಬಟ್ಟೆಯೂ ಜಾರುತ್ತದಂತೆ, ಆದ್ದರಿಂದ ಸುತ್ತಿದ್ದನ್ನು ಉಗುರಿನಿಂದ ಒತ್ತಿ ಒತ್ತಿ ನೋಡಿದಳು. ಆಮೇಲೆ ಬಟ್ಟೆಯನ್ನು ಓರೆಯಾಗಿ ಹಿಡಿದು, ಎಳೆದು, ಸೂಜಿ ಚುಚ್ಚಿ, ಮತ್ತೆ ಸೂಜಿ ತೆಗೆದು ಇನ್ನಷ್ಟು ಎಳೆದು ಕೂರಿಸಿದಳು. ನೇರ ಹಿಡಿದರೆ ಬಟ್ಟೆ ಮಾತು ಕೇಳುವುದಿಲ್ಲ, ಓರೆ ಹಿಡಿದರೆ ಬಾಗುತ್ತದೆ. ಒಳಗೆ ಅಸ್ತರು, ಅಂಚಿಗೆ ಕೆಂಪು ನೂಲಿನ ಜಡೆ. ದೀಪ ಹಾಕಿದಾಗ ಆ ಮೂಲೆ ಜೇನುತುಪ್ಪದ ಬಣ್ಣಕ್ಕೆ ತಿರುಗಿತು. ಅಕ್ಕ ತಲೆ ಬಾಚಿಕೊಂಡಳು. "ನೋಡು, ನಿಮ್ಮಕ್ಕ ದೀಪಕ್ಕೂ ಟೋಪಿ ಹಾಕಿದ್ಲು" ಎಂದು ಭಾವ ನಕ್ಕರು. ಅಮ್ಮನೂ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತ್ತು.

ಎರಡನೆಯ ಶೇಡನ್ನು ಭಾವ ಪೇಟೆಯ ದೀಪದ ಅಂಗಡಿಗೆ ಒಯ್ದರು. ಸಂಜೆ ಬರಿಗೈಯಲ್ಲಿ ಬಂದು, "ಹೋಯ್ತು" ಎಂದರು.

"ಎಲ್ಲಿಗೆ ಹೋಯ್ತು?" ಅಕ್ಕ ಕೇಳಿದಳು.

"ಮಾರಾಟ ಆಯ್ತೇ. ಅಲ್ಲೇ ನಿಂತಿದ್ದ ಒಬ್ರು ಮೇಷ್ಟ್ರು ತಗೊಂಡ್ರು. ರಿಟೈರ್ ಆಗಿರೋರು."

"ಅವರ ಮನೆ ಗೋಡೆ ಯಾವ ಬಣ್ಣ?"

ಭಾವ ಅಂಗಿಯ ಗುಂಡಿ ಬಿಚ್ಚತೊಡಗಿದರು. ಆಮೇಲೆ, "ಹಸಿರು" ಎಂದರು.

ಅಕ್ಕನಿಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲ. ಹಸಿರು ಗೋಡೆಗೆ ಆ ಕೇಸರಿ ಬಟ್ಟೆಯೇ, ರೋಗಿಷ್ಟ ಬಣ್ಣ ಬರುತ್ತದೆ, ಇನ್ನೊಂದು ಮಾಡಿಕೊಡುತ್ತೇನೆ, ಹಳೆಯದನ್ನು ವಾಪಸ್ ತನ್ನಿ ಎಂದು ಭಾವನ ಪ್ರಾಣ ತಿಂದಳು. ಭಾವ ಹಳೆಯದನ್ನು ತಂದರು, ಹೊಸದನ್ನು ಒಯ್ದರು. ಹೀಗೆ ಶುರುವಾಯಿತು ಅಕ್ಕನ ವ್ಯಾಪಾರ.

ಭಾವನ ಕೆಲಸ ಕರೆಂಟಿನ ಮೀಟರ್ ಓದುವುದು. ಬೀದಿ ಬೀದಿ ತಿರುಗಿ, ಮನೆ ಮನೆಯ ಬಾಗಿಲು ತಟ್ಟಿ, ಒಳಗಿನ ಗೋಡೆಯ ಮೇಲಿರುವ ಮೀಟರನ್ನು ನೋಡಿ ಬರೆದುಕೊಳ್ಳಬೇಕು. ಆದ್ದರಿಂದ ಗಿರಾಕಿಗಳು ಸಿಗುವುದು ನಮಗ್ಯಾರಿಗೂ ಆಶ್ಚರ್ಯವಾಗಲಿಲ್ಲ. ಹಲ್ಲಿನ ಡಾಕ್ಟರೊಬ್ಬರು ಕಾಯುವ ಕೋಣೆಗೆ ಬೇಕೆಂದರು, ಮಕ್ಕಳು ಅಲ್ಲಿ ಹೆದರಿ ಅಳುತ್ತವಂತೆ. ಅಕ್ಕ ಹಳದಿ ಬಟ್ಟೆಯ ಮೇಲೆ ಮೀನುಗಳನ್ನು ಕತ್ತರಿಸಿ ಹೊಲಿದಳು, ಅದರಲ್ಲಿ ಒಂದಕ್ಕೆ ಹಲ್ಲೇ ಇರಲಿಲ್ಲ. ಹೊಸದಾಗಿ ಮದುವೆಯಾದ ಒಂದು ಜೋಡಿಗೆ ನೀಲಿಯೋ ಗುಲಾಬಿಯೋ ಎಂದು ಜಗಳ. ಅಕ್ಕ ಒಂದು ಪಕ್ಕಕ್ಕೆ ನೀಲಿ, ಇನ್ನೊಂದು ಪಕ್ಕಕ್ಕೆ ಗುಲಾಬಿ ಹಾಕಿ, ಯಾರ ಕಡೆಗೆ ಯಾವುದು ಎಂದು ಅವರೇ ತಿರುಗಿಸಿಕೊಳ್ಳಲಿ ಎಂದಳು. ಒಬ್ಬಳೇ ಇರುವ ಟೈಪಿಸ್ಟ್ ಹೆಂಗಸಿನ ಬೆಕ್ಕು ಶೇಡಿನ ಕುಚ್ಚುಗಳನ್ನು ಎಳೆದು ಹಾಕುತ್ತಿತ್ತಂತೆ. ಅಕ್ಕ ಕುಚ್ಚು ತೆಗೆದು ಗಟ್ಟಿ ಅಂಚು ಹೊಲಿದು ಕೊಟ್ಟಳು.

ಭಾವ ಊಟಕ್ಕೆ ಕೂತರೆ ಅಕ್ಕ ಶುರು ಮಾಡುತ್ತಿದ್ದಳು. "ಆ ಗಂಡ ಹೆಂಡ್ತಿ ಹೇಗಿದ್ದಾರೆ?" "ಈಗ ದೀಪ ತಿರುಗಿಸೋಕೆ ಜಗಳ." "ಬೆಕ್ಕು?" "ಸಿಟ್ಟು ಮಾಡ್ಕೊಂಡು ಅಲ್ಮೇರಾ ಮೇಲೆ ಕೂತಿದೆ." ಅಕ್ಕ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾವು ಅಮ್ಮ ಮಗಳು ಈಚೆಯಿಂದ ತಟ್ಟೆ ಹಿಡಿದುಕೊಂಡೇ ಹೋಗಿ ಕೇಳುತ್ತಿದ್ದೆವು. ಆ ಜನರನ್ನು ನಾವು ಯಾರೂ ನೋಡಿರಲಿಲ್ಲ. ಆದರೆ ನಮ್ಮ ನೆಂಟರಿಗಿಂತ ಅವರ ಸಮಾಚಾರವೇ ನಮಗೆ ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರಿಗೆ ಜ್ವರ ಬಂದಾಗ ಅಕ್ಕ ಸಪ್ಪಗಾದದ್ದು ನನಗೆ ನೆನಪಿದೆ.

ಹೋಗಿ ನೋಡಿಕೊಂಡು ಬರೋಣವೆಂದರೆ ಭಾವ ಬಿಡುತ್ತಿರಲಿಲ್ಲ. "ಡ್ಯೂಟಿಯಲ್ಲಿ ಸ್ವಂತ ವ್ಯಾಪಾರ ಮಾಡ್ತೀನಿ ಅಂತ ಆಫೀಸಿಗೆ ಗೊತ್ತಾದ್ರೆ ಕೆಲಸಕ್ಕೇ ಕುತ್ತು. ನೀನು ಹೊಲಿ, ತಲುಪಿಸೋದು ನನಗಿರಲಿ." ಆ ಮಾತು ಸರಿ ಎಂದೇ ತೋರಿತು. ಅಕ್ಕ ಬಂದ ದುಡ್ಡಿನಲ್ಲಿ ಒಂದು ಅಗಲವಾದ ಮೇಜು ಕೊಂಡಳು. "ಇದು ನನ್ನ ಗಿರಾಕಿಗಳು ಕೊಡಿಸಿದ್ದು" ಎಂದು ಬಂದವರಿಗೆಲ್ಲ ಕೈ ಸವರಿ ತೋರಿಸುತ್ತಿದ್ದಳು. ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯಲು ಶುರು ಮಾಡಿದ್ದೂ ಆಗಲೇ.

ಒಂದು ಸುಳ್ಳು ಮುಚ್ಚಲು ಸಾವಿರ ಸುಳ್ಳು ಹೇಳಬೇಕು ಎನ್ನುತ್ತಾರೆ. ಭಾವ ಸಾವಿರವನ್ನೂ ಚೆನ್ನಾಗಿಯೇ ಹೇಳಿದರು. ಎಡವಿದ್ದು ಯಾರೂ ಕೇಳದೆ ಇದ್ದ ಒಂದು ಮಾತನ್ನು ತಾವಾಗಿ ಹೇಳಲು ಹೋಗಿ.

ಮೇಷ್ಟ್ರಿಗೆ ಬದಲಿಯಾಗಿ ಮಾಡಿದ ಶೇಡಿಗೆ ಒಳಗಡೆ ಅಂಟಿಸುವ ಗಟ್ಟಿ ಹಾಳೆ ಆ ಸಲ ಪೇಟೆಯಲ್ಲಿ ಸಿಕ್ಕಿರಲಿಲ್ಲ. ಅವರದು ತಣ್ಣಗಿರುವ ಸಣ್ಣ ಬಲ್ಬು ಎಂದು ಭಾವನಿಂದ ಖಾತ್ರಿ ಮಾಡಿಕೊಂಡು ಅಕ್ಕ ತೆಳು ಹಾಳೆಯನ್ನೇ ಅಂಟಿಸಿದ್ದಳು. ಅದಾಗಿ ಎಷ್ಟೋ ಕಾಲದ ಮೇಲೆ ಒಂದು ದಿನ ಭಾವ ಊಟ ಮಾಡುತ್ತಾ, ಹೆಂಡತಿಗೆ ಖುಷಿಯಾಗಲಿ ಎಂದು, "ಮೇಷ್ಟ್ರ ಕಣ್ಣು ಇನ್ನೂ ಮಂಜಾಗಿದೆಯಂತೆ. ಹಳೇ ಕಾಲದ ನೂರರ ಬಲ್ಬು ಹಾಕ್ಕೊಂಡಿದಾರೆ. ನಿನ್ನ ಶೇಡಿನ ಕೆಳಗೆ ಮಧ್ಯಾಹ್ನದ ಹಾಗೆ ಬೆಳಕು" ಎಂದರು.

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. "ನೂರರ ಬಲ್ಬಾ? ಹಾಳೆ ಸುಟ್ಟು ಹೋಗುತ್ತೆ ರೀ. ಬೆಂಕಿ ಹತ್ಕೊಳ್ಳುತ್ತೆ. ನಾಳೆ ಬೆಳಗ್ಗೆನೇ ಹೋಗಿ ತೆಗೆಸಿ."

ಮರುದಿನ ಭಾವ ಬಂದು, "ತೆಗೆಸಿದೆ" ಎಂದರು.

"ಏನಂದ್ರು?"

"ಏನಿಲ್ಲ. ಸರಿ ಅಂದ್ರು."

ಬೆಕ್ಕಿನ ಬಗ್ಗೆ ಪುರಾಣ ಹೇಳುವ ಮನುಷ್ಯ ಮೇಷ್ಟ್ರ ಬಗ್ಗೆ ಎರಡೇ ಮಾತಿನಲ್ಲಿ ಮುಗಿಸಿದ್ದು ಅಕ್ಕನಿಗೆ ಹಿಡಿಸಲಿಲ್ಲ. ಇವರು ಹೋಗೇ ಇಲ್ಲ, ಸೋಮಾರಿತನಕ್ಕೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಳು. ಅವಳು ಊಹಿಸಿದ ದೊಡ್ಡ ಸುಳ್ಳು ಅದೇ. ಭಾವ ಕೆಲಸಕ್ಕೆ ಹೋದ ಮೇಲೆ ನನ್ನನ್ನು ಕರೆದಳು. ಕರವಸ್ತ್ರದಲ್ಲಿ ಒಂದು ಸಣ್ಣ ಬಲ್ಬು ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಳು. "ಕೆಲಸ ಹೋದ್ರೆ ಹೋಗ್ಲಿ. ನಾನು ಮಾಡಿದ ಶೇಡಿಂದ ಒಬ್ಬ ವಯಸ್ಸಾದೋರ ಮನೆ ಸುಡಬಾರದು. ಬಾ" ಎಂದಳು.

ದಾರಿಯನ್ನು ಯಾರನ್ನೂ ಕೇಳಬೇಕಾಗಲಿಲ್ಲ. ನೀರಿನ ಟ್ಯಾಂಕಿನ ಹಿಂದಿನ ಬೀದಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ, ಹಿಡಿಕಂಬಿ ಅಲ್ಲಾಡುವ ಮೆಟ್ಟಿಲು. ಭಾವ ಹೇಳಿದ್ದು ಹೇಳಿದ ಹಾಗೇ ಇತ್ತು. ಬಾಗಿಲು ತೆಗೆದ ಮುದುಕರು ಉದ್ದಕ್ಕೆ, ತೆಳ್ಳಗೆ, ಸ್ವೆಟರಿನ ಗುಂಡಿಗಳನ್ನು ಒಂದೊಂದು ತೂತು ತಪ್ಪಿಸಿ ಹಾಕಿಕೊಂಡು ನಿಂತಿದ್ದರು. ಅಕ್ಕನ ಮುಖ ಅರಳಿತು. ಹಳೆಯ ಪರಿಚಯದವರನ್ನು ಕಂಡ ಹಾಗೆ, "ಮೇಷ್ಟ್ರೇ, ಜ್ವರ ಪೂರ್ತಿ ಹೋಯ್ತಾ?" ಎಂದು ಕೇಳಿಬಿಟ್ಟಳು.

ಅವರು ಅವಳನ್ನೂ ನನ್ನನ್ನೂ ನೋಡಿದರು. "ಹೋಯ್ತಮ್ಮ, ಹೋಗಿ ಬಹಳ ದಿನ ಆಯ್ತು. ತಾವು ಯಾರು ಗೊತ್ತಾಗ್ಲಿಲ್ಲ."

"ನಾನು ಶೇಡು ಮಾಡಿದವಳು. ಮೀಟರ್ ನೋಡೋಕೆ ಬರ್ತಾರಲ್ಲ, ಅವರ ಹೆಂಡ್ತಿ."

"ಓ, ಮೀಟರಿನವರ ಮನೆಯವರಾ. ಬನ್ನಿ ಬನ್ನಿ" ಎಂದು ಬಾಗಿಲು ಬಿಟ್ಟರು. ಶೇಡಿನ ಮಾತು ಅವರಿಗೆ ತಾಗಲೇ ಇಲ್ಲ.

ಗೋಡೆ ಹಸಿರಾಗಿತ್ತು. ಕಿಟಕಿಯ ಹತ್ತಿರ ಬೆತ್ತದ ಕುರ್ಚಿ, ಅದರ ಎಡಕ್ಕೆ ಸಣ್ಣ ಮೇಜು, ಮೇಜಿನ ಮೇಲೆ ದೀಪ. ದೀಪದಲ್ಲಿ ನೂರರ ಬಲ್ಬೂ ಇತ್ತು. ಅದರ ಸುತ್ತ ಒಂದು ಹಳೆಯ ದಿನಪತ್ರಿಕೆಯನ್ನು ಸುರುಳಿ ಮಾಡಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರು. ಕಾಗದದ ಒಂದು ಪಕ್ಕ ಕಂದಿ ಹೋಗಿತ್ತು.

ಅಕ್ಕ ಅದನ್ನೇ ನೋಡುತ್ತ ನಿಂತಳು. ನನಗೆ ಮೊದಲು ಅರ್ಥವಾಯಿತು, ಅವಳಿಗೆ ಆಮೇಲೆ. ಇಲ್ಲ, ಅವಳಿಗೂ ಆಗಲೇ ಆಗಿತ್ತು, ಒಪ್ಪಿಕೊಳ್ಳಲು ಹೊತ್ತು ಹಿಡಿಯಿತು. "ಇದರ ಮೇಲೆ ಒಂದು ಬಟ್ಟೆ ಶೇಡು ಇತ್ತಲ್ಲ" ಎಂದಳು. ದನಿ ಬಹಳ ಮೆಲ್ಲಗಿತ್ತು.

"ಯಾವತ್ತೂ ಇರಲಿಲ್ಲಮ್ಮ. ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂತ ಪೇಪರ್ ಸುತ್ಕೊಂಡಿದೀನಿ."

"ನಮ್ಮನೆಯವರು ನಿಮಗೆ ಏನೂ ಹೇಳಿಲ್ವಾ?"

"ಬಹಳ ಒಳ್ಳೇ ಮನುಷ್ಯ. ಬಂದಾಗೆಲ್ಲ ಕೂತು ಮಾತಾಡಿಸ್ತಾರೆ, ಕಣ್ಣು ಹೇಗಿದೆ ಕೇಳ್ತಾರೆ. ಶೇಡಿನ ಮಾತು ಬಂದಿಲ್ಲ. ಬಂದಿದ್ರೆ ನಾನೇ ಒಂದು ಮಾಡಿಸ್ಕೊಳ್ತಿದ್ದೆ."

ಅಕ್ಕ ಬಗ್ಗಿ, ಕ್ಲಿಪ್ಪು ತೆಗೆದು, ಕಾಗದ ಬಲ್ಬಿಗೆ ತಾಗದ ಹಾಗೆ ಅಗಲವಾಗಿ ಸುತ್ತಿ, ಮತ್ತೆ ಕ್ಲಿಪ್ಪು ಹಾಕಿದಳು. "ಇಷ್ಟು ಹತ್ರ ಇಡಬೇಡಿ, ಹತ್ಕೊಳ್ಳುತ್ತೆ" ಎಂದಳು. ಮೇಷ್ಟ್ರು ಟೀ ಮಾಡುತ್ತೇನೆಂದರು. ಬೇಡವೆಂದು ಹೊರಟೆವು. ನಾನಂತೂ ದಾರಿಯುದ್ದಕ್ಕೂ ಭಾವನನ್ನು ಬಾಯಿಗೆ ಬಂದ ಹಾಗೆ ಬೈದೆ. ಸೈಕಲಿನವರು ತಿರುಗಿ ನೋಡುತ್ತಿದ್ದರು, ನೋಡಲಿ ಎಂದು ಇನ್ನೂ ಜೋರಾಗಿ ಬೈದೆ.

ಸಂಜೆ ಭಾವ ಬಂದು ಬಾಗಿಲಲ್ಲಿ ಬಗ್ಗಿ ಶೂ ಬಿಚ್ಚುತ್ತಿದ್ದರು. ಅಕ್ಕ ಮೇಜಿನ ಹತ್ತಿರ ಕೂತಿದ್ದಳು. ನಾನು ಅಲ್ಲಿಂದ ಎದ್ದು ಹೋಗಲಿಲ್ಲ, ಹೋಗು ಎಂದು ಅವಳೂ ಹೇಳಲಿಲ್ಲ.

"ಮೇಷ್ಟ್ರ ಮನೆಗೆ ಹೋಗಿದ್ವಿ" ಎಂದಳು.

ಭಾವನ ಕೈ ಶೂ ದಾರದಲ್ಲೇ ಉಳಿಯಿತು. ಅವರು ಕೇಳಿದ್ದು, "ಕಣ್ಣು ಹೇಗಿದೆ ಅವರದು?"

"ಹಲ್ಲಿನ ಡಾಕ್ಟರು?" ಎಂದಳು ಅಕ್ಕ.

"ಇದಾರೆ. ಶೇಡು ಇಲ್ಲ."

"ಟೈಪಿಸ್ಟು?"

"ಇದಾಳೆ."

"ಬೆಕ್ಕು?"

"ಬೆಕ್ಕೂ ಇದೆ."

"ಆ ಗಂಡ ಹೆಂಡ್ತಿ?"

"ಅವರು ಮನೆ ಖಾಲಿ ಮಾಡಿ ಹೋಗಿ ಎಷ್ಟೋ ಕಾಲ ಆಯ್ತು. ಮತ್ತೆ ನಾನೇ..." ಎಂದು ಭಾವ ಅಲ್ಲಿಗೆ ನಿಲ್ಲಿಸಿದರು. ನಿಲ್ಲಿಸದಿದ್ದರೂ ನಮಗೆ ಗೊತ್ತಾಗುತ್ತಿತ್ತು. ಹೋದ ವಾರವಷ್ಟೇ ಆ ಹೆಂಡತಿ ಬಸುರಿ ಎಂಬ ಸುದ್ದಿ ಬಂದಿತ್ತು. ಅಕ್ಕ ತೊಟ್ಟಿಲ ಕೋಣೆಗೆಂದು ಬಿಳಿ ಬಟ್ಟೆ ಆರಿಸಿ ಇಟ್ಟಿದ್ದಳು.

ಆಮೇಲೆ ಭಾವ ಎಲ್ಲ ಹೇಳಿದರು. ಆ ಮೊದಲ ದಿನ ದೀಪದ ಅಂಗಡಿಯವನು ಶೇಡನ್ನು ಬೆರಳಲ್ಲಿ ತಿರುಗಿಸಿ ನಕ್ಕಿದ್ದನಂತೆ. "ಇದನ್ನ ಯಾರು ತಗೊಳ್ತಾರೆ, ನಿಮ್ಮನೆ ಮಗು ಮಾಡಿದ್ದಾ" ಎಂದನಂತೆ. ಅದನ್ನು ಹಿಡಿದುಕೊಂಡು ಮನೆಗೆ ಬರಲು ಭಾವನಿಗೆ ಕಾಲೇಳಲಿಲ್ಲ. ಈಗಷ್ಟೇ ತಲೆ ಬಾಚಿಕೊಂಡವಳು ಮತ್ತೆ ಕಿಟಕಿಯ ಹತ್ತಿರ ಕೂತುಬಿಟ್ಟರೆ ಎಂದು ಹೆದರಿಕೆ. ಒಂದು ಸುಳ್ಳು ಹೇಳಿದರು. ಅವಳು ಗೋಡೆಯ ಬಣ್ಣ ಕೇಳಿದಳು, ಅಂದು ಬೆಳಗ್ಗೆ ಮೀಟರ್ ನೋಡಿದ ಮನೆಯ ಗೋಡೆ ನೆನಪಿಗೆ ಬಂತು. ಶೇಡುಗಳೆಲ್ಲ ಆಫೀಸಿನ ಗುಜರಿ ಕೋಣೆಯಲ್ಲಿ, ಕೆಟ್ಟ ಮೀಟರುಗಳ ಹಿಂದೆ, ಕಾಗದ ಸುತ್ತಿ ಜೋಪಾನವಾಗಿವೆಯಂತೆ. ದುಡ್ಡು ಭಾನುವಾರದ ಹೆಚ್ಚುವರಿ ಕೆಲಸದ್ದು.

"ನೀನು ನಗ್ತಾ ಇದ್ದೆ" ಎಂದರು ಭಾವ. "ಅದಕ್ಕೆ ಬಿಡೋಕಾಗ್ಲಿಲ್ಲ."

ಅಕ್ಕ ಮೇಜಿನ ಮೇಲಿಟ್ಟ ತನ್ನ ಕೈಗಳನ್ನು ಎತ್ತಿ ಮಡಿಲಿಗೆ ತೆಗೆದುಕೊಂಡಳು. ಈ ಮೇಜೂ ತನ್ನದಲ್ಲ ಎಂದು ಆಗ ಹೊಳೆದಿರಬೇಕು.

"ಮೇಷ್ಟ್ರಿಗೆ ಒಂದು ಮಾತು ಕೇಳಿದ್ರೆ ತಗೊಳ್ತಿದ್ರು" ಎಂದಳು. "ಪುಕ್ಕಟೆ ಕೊಟ್ಟಿದ್ರೂ ಆಗ್ತಿತ್ತು. ಪೇಪರ್ ಸುತ್ಕೊಂಡು ಓದ್ತಿದಾರೆ ಪಾಪ. ಅವರನ್ನ ಯಾಕೆ ಕೇಳ್ಲಿಲ್ಲ?"

"ಅವರೂ ನಕ್ಕಿದ್ರೆ? ಒಂದ್ಸಲ ನೋಡಿದ್ದೆ. ಇನ್ನೊಂದ್ಸಲ ನೋಡೋ ಧೈರ್ಯ ಇರಲಿಲ್ಲ."

"ಅಂದ್ರೆ ಆ ಅಂಗಡಿಯವನು ಹೇಳಿದ್ದೇ ನಿಜ ಅಂತ ನಿಮಗೂ ಅನ್ನಿಸಿತ್ತು."

ಭಾವ ಇಲ್ಲ ಎನ್ನಬಹುದಿತ್ತು. ಬೀದಿ ತುಂಬ ಮಾತು ಮಾರುವ ಮನುಷ್ಯನಿಗೆ ಬೇಕಾದ ಹೊತ್ತಿನಲ್ಲಿ ಒಂದು ಮಾತು ಸಿಗಲಿಲ್ಲ. ಅವತ್ತಿನಿಂದ ನಾನು ಅವರನ್ನು ಕ್ಷಮಿಸಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ, ಆ ಸುಮ್ಮನಿದ್ದದ್ದಕ್ಕೆ.

ಅಮ್ಮ ಮಾತ್ರ ಭಾವನ ಕಡೆ. ಅಮ್ಮ ಏನು, ವಿಷಯ ಕೇಳಿದವರೆಲ್ಲ ಭಾವನ ಕಡೆಯೇ. "ಹೆಂಡ್ತಿ ನಗಲಿ ಅಂತ ಭಾನುವಾರವೂ ದುಡಿದ ಗಂಡ. ದೀಪ ಹಿಡಿದು ಹುಡುಕಿದ್ರೂ ಸಿಗಲ್ಲ ಇಂಥೋರು. ಬೇರೆ ಗಂಡಸರು ಬೇರೆ ಹೆಂಗಸಿಗೋಸ್ಕರ ಸುಳ್ಳು ಹೇಳ್ತಾರೆ, ಇವನು ನಿನಗೋಸ್ಕರ ಹೇಳಿದ" ಎಂದು ಅಮ್ಮ ಅಕ್ಕನಿಗೆ ಬುದ್ಧಿ ಹೇಳಿದಳು. ಅಕ್ಕ ತಲೆ ತಗ್ಗಿಸಿಕೊಂಡು ಕೇಳಿದಳು. ಕೊನೆಗೆ, "ಹೊಡೆದಿದ್ರೆ ಗಾಯ ತೋರಿಸಬಹುದಿತ್ತಮ್ಮ. ಇದನ್ನ ಯಾರಿಗೆ ತೋರಿಸ್ಲಿ? ತೋರಿಸಿದ್ರೆ ಅವರನ್ನೇ ಹೊಗಳ್ತೀರಿ" ಎಂದಳು. ಅಮ್ಮನಿಗೆ ಅದು ಅರ್ಥವಾಗಲಿಲ್ಲ. ಗಂಡಸಿನ ಒಳ್ಳೆಯತನ ಎಂದರೆ ಅಮ್ಮನ ಕಾಲದವರಿಗೆ ಕಣ್ಣಿಗೊತ್ತಿಕೊಳ್ಳುವ ವಸ್ತು, ಅದರ ಒಳಗೇನಿದೆ ಎಂದು ತೆರೆದು ನೋಡುವ ಪದ್ಧತಿ ಇರಲಿಲ್ಲ.

ಶೇಡುಗಳನ್ನು ಮನೆಗೆ ತರಬೇಕೆಂದು ಅಕ್ಕ ಹಟ ಹಿಡಿದಳು. ಭಾವ ಒಂದು ಗಾಡಿ ಮಾಡಿಕೊಂಡು ತಂದರು. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಮಂಚದ ಮೇಲೆ, ಕುರ್ಚಿಯ ಮೇಲೆ, ಒಲೆಯ ಪಕ್ಕದಲ್ಲೂ ಶೇಡು. ಅಕ್ಕ ಒಂದೊಂದನ್ನೂ ಬಿಚ್ಚಿ, ಧೂಳು ಕೊಡವಿ ನೋಡಿದಳು. ಎಲ್ಲವೂ ಹೊಸದಾಗಿದ್ದವು. ಬಲ್ಬಿನ ಬಿಸಿ ತಾಗಿ ಕಂದಿದ್ದು ಒಂದೂ ಇಲ್ಲ. ಹಲ್ಲಿಲ್ಲದ ಮೀನನ್ನು ಯಾವ ಮಗುವೂ ಬೆರಳು ಹಾಕಿ ಮುಟ್ಟಿರಲಿಲ್ಲ. ಬೆಕ್ಕಿನ ಮನೆಯದ್ದನ್ನು ಕೈಗೆತ್ತಿಕೊಂಡಾಗ ಅಂಚನ್ನು ತಿರುಗಿಸಿ ತಿರುಗಿಸಿ ಹುಡುಕಿದಳು. ಒಂದು ಉಗುರಿನ ಗೀರೂ ಕಾಣದೆ ಅಲ್ಲೇ ಕೂತು ಅತ್ತಳು. ನಾನು ಅವಳ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಕೂತೆ. ಆಗ ಅವಳು ನನ್ನ ಕೈ ಹಿಡಿದು, "ನೀನೊಬ್ಬಳು ನನಗೆ ನಿಜ ಹೇಳೋಳು" ಎಂದಳು.

ಆಮೇಲೆ ಅವಳು ಸೂಜಿ ಮುಟ್ಟಲಿಲ್ಲ. ಮೇಷ್ಟ್ರಿಗೆ ಅವರ ಶೇಡನ್ನು ಕೊಟ್ಟು ಬರುತ್ತೇನೆಂದು ಭಾವ ಹೇಳಿದರೆ, "ಪಾಪ ಅವರು ಬೇಡ ಅನ್ನೋಕಾಗ್ದೆ ಚೆನ್ನಾಗಿದೆ ಅಂತಾರೆ. ಬೇಡ" ಎಂದಳು. ಗಂಡ ಹೆಂಡತಿ ಮಾತು ಬಿಡಲಿಲ್ಲ. ಉಪ್ಪು ಕೊಡಿ, ಬಾಗಿಲು ಹಾಕಿ ಎಂಬಷ್ಟು ಮಾತು ಇತ್ತು. ಭಾವ ಊಟಕ್ಕೆ ಕೂತರೆ ಕೇಳುವವರಿಲ್ಲ. ಒಂದು ದಿನ ತಡೆಯಲಾಗದೆ, ದಾರಿಯಲ್ಲಿ ನಿಜವಾಗಿಯೂ ನಡೆದ ಏನೋ ಒಂದು ತಮಾಷೆ ಹೇಳಲು ಹೋದರು. ಅಕ್ಕ ತಾಳ್ಮೆಯಿಂದ ಪೂರ್ತಿ ಕೇಳಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹೀಗಿರುವಾಗ ಒಂದು ಸಂಜೆ ಅವರ ಮನೆಯ ಬಾಗಿಲು ಯಾರೋ ತಟ್ಟಿದರು. ನಾನು ಅಲ್ಲೇ ಇದ್ದೆ. ಭಾವನೂ ಇದ್ದರು. ನಡುವಯಸ್ಸಿನ ಒಬ್ಬ ಹೆಂಗಸು, ಭುಜಕ್ಕೆ ದೊಡ್ಡ ಚೀಲ, ಮೆಟ್ಟಿಲು ಹತ್ತಿ ಏದುಸಿರು.

"ಕ್ಷಮಿಸಿ, ಬಸ್ ಸ್ಟಾಪಿಂದ ನಿಮ್ಮ ಕಿಟಕಿ ಕಾಣುತ್ತೆ" ಎಂದಳು. "ದಿನಾ ಆ ಮೂಲೆ ದೀಪ ನೋಡ್ತೀನಿ. ಅಂಥದ್ದು ಅಂಗಡೀಲಿ ಎಲ್ಲೂ ಸಿಗ್ಲಿಲ್ಲ. ಎಲ್ಲಿ ತಗೊಂಡ್ರಿ?"

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮನೇಲೇ ಮಾಡಿದ್ದು."

"ನೀವೇ? ನನಗೊಂದು ಮಾಡಿಕೊಡ್ತೀರಾ?"

ಭಾವ ಕೂತಲ್ಲಿಂದ ಅರ್ಧ ಎದ್ದಿದ್ದರು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, "ನಿಮ್ಮನೆ ಗೋಡೆ ಯಾವ ಬಣ್ಣ?" ಎಂದು ಕೇಳಿದಳು.

ಹೆಂಗಸು ತಬ್ಬಿಬ್ಬಾದಳು. "ಗೋಡೆನಾ? ಏನೋ ಒಂದು... ತಿಳಿ ಬಣ್ಣ. ಬಿಸ್ಕತ್ ಥರ. ಅಥವಾ ಬಿಳಿನೇ ಹಳೇದಾಗಿರಬೇಕು. ನೋಡ್ಬೇಕು."

"ದೀಪದ ಎತ್ತರ?"

"ಅಳತೆ ಮಾಡಿಲ್ಲ. ಇಷ್ಟಿರಬಹುದು" ಎಂದು ಗಾಳಿಯಲ್ಲಿ ಕೈ ತೋರಿಸಿದಳು. ಮೊದಲು ಮೇಲೆ, ಆಮೇಲೆ ಸ್ವಲ್ಪ ಕೆಳಗೆ.

ಅಕ್ಕ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಭಾವನ ಕಡೆ ತಿರುಗಿ, "ಈ ಸಲ ಪಾಠ ಸರಿಯಾಗಿ ಹೇಳ್ಕೊಟ್ಟಿಲ್ಲ ನೀವು. ಗೋಡೆ ಬಣ್ಣನಾದ್ರೂ ಕಲಿಸಿ ಕಳಿಸಬಾರದಿತ್ತಾ?" ಎಂದಳು. ಮತ್ತೆ ಹೆಂಗಸಿಗೆ, "ತೊಂದ್ರೆ ತಗೊಂಡು ಮೆಟ್ಟಿಲು ಹತ್ತಿದ್ರಿ. ಸಾಕು, ಹೋಗಿ ಬನ್ನಿ" ಎಂದು ಬಾಗಿಲು ಮುಚ್ಚಿದಳು.

"ನಾನಲ್ಲ ಕಣೇ. ಅವರ ಗುರುತೇ ಇಲ್ಲ ನನಗೆ. ನಿನ್ನಾಣೆ" ಎಂದರು ಭಾವ. ಅವರ ಕಣ್ಣಲ್ಲಿ ನೀರಿತ್ತು.

"ನೀವು ಯಾವಾಗ್ಲೂ ಹೀಗೇ ಹೇಳ್ತೀರಿ. ನಿಜದ ಥರಾನೇ ಇರುತ್ತೆ" ಎಂದಳು ಅಕ್ಕ.

ನಾನು ಬಾಗಿಲು ತೆಗೆದು ಓಡಿದೆ. ಕೆಳಗಿನ ತಿರುವಿನಲ್ಲಿ ಹೆಂಗಸು ಸಿಕ್ಕಳು. ಮುಖ ಕೆಂಪಾಗಿತ್ತು. ಮೀಟರ್ ಓದುವವರು ನಿಮ್ಮನ್ನು ಕಳಿಸಿದರೇ ಎಂದು ಮುಚ್ಚುಮರೆಯಿಲ್ಲದೆ ಕೇಳಿದೆ. ಯಾವ ಮೀಟರಿನವರು ಎಂದಳು. ಪಕ್ಕದ ಕಟ್ಟಡದ ಹೊಲಿಗೆ ಕಾರ್ಖಾನೆಗೆ ಹೊಸದಾಗಿ ಸೇರಿದ್ದಾಳಂತೆ, ಇಲ್ಲಿ ಯಾರ ಪರಿಚಯವೂ ಇಲ್ಲವಂತೆ. "ಒಂದು ದೀಪ ಚೆನ್ನಾಗಿದೆ ಅಂದಿದ್ದಕ್ಕೆ ಇಷ್ಟು ಅವಮಾನ ಮಾಡ್ತಾರಾ?" ಎಂದಳು. ಕೈ ಹಿಡಿದು ಕೇಳಿಕೊಂಡೆ, ಒಂದೇ ಒಂದು ನಿಮಿಷ ನಿಲ್ಲಿ ಎಂದೆ. ಬಸ್ಸು ಬರುತ್ತದೆ ಎಂದು ಕೈ ಬಿಡಿಸಿಕೊಂಡು ಹೋದಳು. ಸುಳ್ಳು ಕೆಮ್ಮು ಗುರುತಿಸುವವಳು ನಾನು. ಆ ಹೆಂಗಸಿನ ಮುಖದಲ್ಲಿ ಸುಳ್ಳಿನ ಚೂರೂ ಇರಲಿಲ್ಲ.

ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದೆ. ಅಕ್ಕ ಮೂಲೆಯಲ್ಲಿ ನಿಂತು ದೀಪದ ಪ್ಲಗ್ಗು ಕೀಳುತ್ತಿದ್ದಳು.

"ಅಕ್ಕ, ಅವಳು ನಿಜವಾದೋಳು" ಎಂದೆ. ಉಸಿರು ಸಾಲುತ್ತಿರಲಿಲ್ಲ. "ಭಾವ ಕಳಿಸಿಲ್ಲ. ನಾನು ಕೇಳಿದೆ. ನಿನ್ನ ದೀಪ ನೋಡೇ ಬಂದಿದ್ದು. ನಿಜವಾಗ್ಲೂ."

ಅಕ್ಕ ಪ್ಲಗ್ಗಿನ ವೈರನ್ನು ನಿಧಾನವಾಗಿ ಸುತ್ತಿ, ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೇನೋ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನನ್ನೂ ಸೇರಿಸ್ಕೊಂಡ್ರಾ?" ಎಂದಳು.